ನೀರುಕಾಗೆಯ ಕೊರಳ ದಾರ

ತೋಮಿಸೆ ನದಿಯ ಎಡದಂಡೆ,
ನದಿ ಬಿಟ್ಟ ವರ್ಷ ಅರವತ್ತೊಂದು, ಎರಡನೇ ಜ್ಯೇಷ್ಠ, ಮೂವತ್ತನಾಲ್ಕನೇ ದಿನ

ಗಂಗಾವತಿಯ ನಿವೃತ್ತ ಗಣಿತ ಶಿಕ್ಷಕಿ ಹಂಪಮ್ಮನವರಿಗೆ, ನಿಮ್ಮಿಂದ ಏಳನೇ ತಲೆಮಾರಿನವಳಾದ ಹುಲಿಗೆಮ್ಮ ಮಾಡುವ ಶರಣುಗಳು.

ಮೊದಲಿಗೆ ತಪ್ಪಾಯಿತು ಎಂದು ಕೇಳಿಕೊಂಡುಬಿಡುತ್ತೇನೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದಲ್ಲಿ ಇಲ್ಲದ ಮಾತುಗಳನ್ನು ನಾವು ಬೇಕಾದಾಗ ಹೊಲಿದುಕೊಂಡಿದ್ದೇವೆ, ಹೊಲಿಗೆ ಎಲ್ಲ ಕಡೆಯೂ ನೇರವಾಗಿ ಬಂದಿಲ್ಲ. ಜ್ಯೇಷ್ಠ ಎರಡು ಯಾಕೆ, ತಿಂಗಳಲ್ಲಿ ಮೂವತ್ತನಾಲ್ಕನೇ ದಿನ ಎಲ್ಲಿಂದ ಬಂತು ಎಂದು ನೀವು ಕೆಂಪು ಪೆನ್ನು ಹುಡುಕುವ ಮೊದಲೇ ಹೇಳುತ್ತೇನೆ: ಬೇಸಿಗೆ ಉದ್ದವಾಯಿತು, ಪಂಚಾಂಗದವರು ಅದರ ಹಿಂದೆ ಓಡಿ ಓಡಿ ಸುಸ್ತಾಗಿ ತಿಂಗಳನ್ನೇ ಹಿಗ್ಗಿಸಿದರು. ನಿಮ್ಮ ಲೆಕ್ಕಕ್ಕೆ ಇದು ಎರಡು ಸಾವಿರದ ನೂರ ತೊಂಬತ್ತೊಂದನೇ ಇಸವಿ. ಹಿಂದಕ್ಕೆ ಹೋಗುವ ಟಪಾಲು ನಮ್ಮ ಕಾಲದಲ್ಲೂ ಇಲ್ಲ. ಆದರೆ ನೆನಪುಕಣಜ ಎಂಬುದೊಂದಿದೆ. ಸತ್ತವರ ಚಿತ್ರ, ಪತ್ರ, ದನಿಗಳನ್ನು ಮನೆತನದ ಪ್ರಕಾರ ಪೆಟ್ಟಿಗೆ ಮಾಡಿ ಅಲ್ಲಿ ಇಟ್ಟಿರುತ್ತಾರೆ. ಈ ಕಾಗದವನ್ನು ನಿಮ್ಮ ಪೆಟ್ಟಿಗೆಯಲ್ಲೇ ಇಡುತ್ತೇನೆ. ಓದುವುದು ಬಿಡುವುದು ನಿಮಗೆ ಸೇರಿದ್ದು.

ನಾವು ಜಪಾನಿಗೆ ಬಂದದ್ದು ಹೇಗೆ ಎಂಬುದನ್ನು ಚಿಕ್ಕದಾಗಿ ಹೇಳಬೇಕು. ನನ್ನ ಮುತ್ತಜ್ಜ ಆನೆಗುಂದಿಯಲ್ಲಿ ಹರಿಗೋಲು ಹಾಕುತ್ತಿದ್ದವನು. ಹಳೆಯ ಅಣೆಕಟ್ಟುಗಳನ್ನು ಒಡೆಯದೆ, ಊರು ಮುಳುಗಿಸದೆ, ಕಲ್ಲುಕಲ್ಲಾಗಿ ಇಳಿಸುವ ಕೆಲಸಕ್ಕೆ ನದಿಯ ಮನಸ್ಸು ಬಲ್ಲವರು ಬೇಕಾದಾಗ ಅವನನ್ನೂ ಕರೆದರು. ಆ ಕೆಲಸದವರನ್ನು ಬಿಚ್ಚುಗಾರರು ಎನ್ನುತ್ತೇವೆ. ಎಲ್ಲಿಗೆ ಹೋಗುತ್ತೀ ಎಂದು ಕೇಳಿದಾಗ ಅವನು ತೋಮಿಸೆ ನದಿಯನ್ನೇ ಆರಿಸಿಕೊಂಡನಂತೆ. ಕಾರಣ ನೀವು. ನೀವು ನಿಮ್ಮ ಲೆಕ್ಕದ ಮುಂದಿನ ವರ್ಷ ಪ್ರವಾಸದ ಗುಂಪಿನೊಂದಿಗೆ ಈ ನದಿಗೆ ಬಂದು, ನೋಟದ ದೋಣಿಯಲ್ಲಿ ಕೂತು, ನೀರುಕಾಗೆಗಳಿಂದ ಮೀನು ಹಿಡಿಸುವುದನ್ನು ನೋಡುತ್ತೀರಿ. ಆಗ ತೆಗೆದ ಚಿತ್ರಗಳು ನಮ್ಮ ಮನೆಯಲ್ಲಿ ಕೈಯಿಂದ ಕೈಗೆ ಬಂದವು. ಅಣೆಕಟ್ಟು ಬಿಚ್ಚಿ ನೀರು ಹರಿದ ದಿನದಿಂದ ನಮ್ಮ ವರ್ಷಗಳು ಶುರುವಾಗುತ್ತವೆ. ಬಿಚ್ಚುವ ಕೆಲಸ ಮುಗಿದರೂ ಅರವತ್ತು ಮನೆಯವರು ವಾಪಸು ಹೋಗಲಿಲ್ಲ.

ಇಲ್ಲಿ ನಮಗೇನೂ ಕಡಿಮೆಯಿಲ್ಲ. ಜಲಾಶಯದ ಹಳೆಯ ಹೂಳಿನಲ್ಲಿ ಜೋಳ ಬೆಳೆಯುತ್ತೇವೆ, ರೊಟ್ಟಿ ಬಡಿಯುತ್ತೇವೆ, ಅಯು ಎಂಬ ಗೇಣುದ್ದದ ಹೊಳೆಮೀನನ್ನು ಉಪ್ಪು ಸವರಿ ಕೆಂಡದ ಮೇಲೆ ಸುಡುತ್ತೇವೆ. ಹಿಡಿದ ಕೂಡಲೇ ಮೂಸಿದರೆ ಅದಕ್ಕೆ ಎಳೆ ಸೌತೆಕಾಯಿಯ ವಾಸನೆ ಇರುತ್ತದೆ. ಹೊತ್ತು ಮುಳುಗಿದ ಮೇಲೆ ದಂಡೆಯ ಮನೆಗಳಲ್ಲಿ ದೀಪ ಹಚ್ಚುವಂತಿಲ್ಲ, ನೀರಿನ ಜೀವಗಳಿಗೆ ಕತ್ತಲೆ ಬೇಕೆಂದು ಹಾಗೆ ಕಟ್ಟಳೆ. ಅದಕ್ಕೆ ಮಬ್ಬುಗಡಿ ಎಂದು ಹೆಸರು. ಹೀಗಾಗಿ ನಮ್ಮ ಹೆಂಗಸರೆಲ್ಲ ಕತ್ತಲಲ್ಲೇ ಮೆಣಸಿನಕಾಯಿಯನ್ನು ಮುಟ್ಟಿ ಅದರ ಖಾರ ಹೇಳಬಲ್ಲರು. ನನ್ನ ಗಂಡ ಯಂಕೋಬನಿಗೆ ಮಾತ್ರ ಇನ್ನೂ ಉಪ್ಪಿನ ಡಬ್ಬಿ ಯಾವುದು ಸಕ್ಕರೆ ಡಬ್ಬಿ ಯಾವುದು ಎಂದು ಗೊತ್ತಾಗುವುದಿಲ್ಲ.

ನನ್ನ ಕಸುಬು ನೆರಳುದೋಣಿ ನಡೆಸುವುದು. ನದಿ ಬತ್ತಿದ ಕಾಲದಲ್ಲಿ ನೀರುಕಾಗೆಯ ಬೇಟೆ ನಿಂತುಹೋಗಿತ್ತು. ನೀರು ಬಂತು, ಮೀನು ಬಂತು, ಆದರೆ ಬೇಟೆಗಾರರು ಇರಲಿಲ್ಲ. ಜನ ಮಾತ್ರ ನೋಡಬೇಕು ಎಂದು ಬರುತ್ತಲೇ ಇದ್ದರು. ಅದಕ್ಕೆ ನೆನಪುಕಣಜದಿಂದ ಹಳೆಯ ಚಿತ್ರಗಳನ್ನು ತಂದು, ಸಂಜೆಯ ಮಂಜಿನ ಮೇಲೆ ಬಿಟ್ಟು, ದೋಣಿಯಲ್ಲಿ ಕೂರಿಸಿ ತೋರಿಸುವ ಪದ್ಧತಿ ಬಂತು. ಹತ್ತೊಂಬತ್ತು ವರ್ಷ ನಾನು ಆ ದೋಣಿಗೆ ಗಳ ಹಾಕಿದ್ದೇನೆ. ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ದೋಣಿಯ ಮೂತಿಯಲ್ಲಿ ಕಬ್ಬಿಣದ ಬುಟ್ಟಿ, ಅದರಲ್ಲಿ ಧಗಧಗ ಉರಿಯುವ ದೇವದಾರು, ಕಿಡಿಯ ಮಳೆ, ಹುಲ್ಲಿನ ಲಂಗ ತೊಟ್ಟ ಬೇಟೆಗಾರ, ಅವನ ಮುಷ್ಟಿಯಿಂದ ಹರಡಿದ ಹಗ್ಗಗಳ ತುದಿಯಲ್ಲಿ ಮುಳುಗುವ ಏಳುವ ಹಕ್ಕಿಗಳು. ಚೆನ್ನಾಗಿಯೇ ಇತ್ತು. ನಾನೂ ಅದನ್ನೇ ನಿಜ ಎಂದು ನಂಬಿದ್ದೆ.

ನನ್ನ ನಂಬಿಕೆ ಕೆಡಿಸಿದವಳು ಸುಮಿಯೆ. ತೊಂಬತ್ತೊಂದು ವರ್ಷದ ಮುದುಕಿ, ಇದೇ ದಂಡೆಯ ಬೇಟೆಗಾರರ ಮನೆತನದಲ್ಲಿ ಉಳಿದಿರುವ ಒಬ್ಬಳೇ ಒಬ್ಬಳು. ಅವಳಿಗೆ ಎಂಟು ವರ್ಷವಿದ್ದಾಗ ಅವಳ ಅಜ್ಜ ಕೊನೆಯ ಸಲ ದೋಣಿ ಇಳಿಸಿದ್ದು. ಬಿಚ್ಚುಗಾರರ ಜೊತೆ ಅಡುಗೆ ಮಾಡುತ್ತ ನಮ್ಮ ಮಾತು ಕಲಿತವಳು, ಈಗ ನಮಗಿಂತ ಹೆಚ್ಚು ಕೊಪ್ಪಳದವಳು. ಒಂದು ಸಂಜೆ ನನ್ನ ದೋಣಿಯಲ್ಲಿ ಕೂತು ಪೂರ್ತಿ ನೋಡಿ, ಇಳಿಯುವಾಗ ಹೇಳಿದಳು: "ಬೆಂಕಿ ತೋರಿಸ್ದಿ, ಹಕ್ಕಿ ತೋರಿಸ್ದಿ. ಕೈ ಎಲ್ಲಿ ಐತವ್ವ? ಇದು ಬರೇ ಪಟಾಕಿ." ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಯೋಚಿಸಿದೆ. ಮುದುಕಿಯ ಮಾತು ಸರಿಯಾಗಿತ್ತು.

ಈ ಬೇಟೆಯ ಗುಟ್ಟು ಬೆಂಕಿಯಲ್ಲಿಲ್ಲ, ಹಕ್ಕಿಯ ಕೊರಳಿನ ದಾರದಲ್ಲಿದೆ. ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ. ಕೊರಳ ಬುಡದಲ್ಲಿ ಕಟ್ಟಿದ ದಾರದಿಂದಾಗಿ ದೊಡ್ಡ ಮೀನು ಗಂಟಲಲ್ಲೇ ಉಳಿಯುತ್ತದೆ, ಬೇಟೆಗಾರ ಹಕ್ಕಿಯನ್ನು ಎಳೆದುಕೊಂಡು ಮೀನನ್ನು ಕಕ್ಕಿಸುತ್ತಾನೆ. ಸಣ್ಣ ಮೀನು ದಾರ ದಾಟಿ ಹಕ್ಕಿಯ ಹೊಟ್ಟೆಗೆ ಹೋಗುತ್ತದೆ, ಅದು ಹಕ್ಕಿಯ ಪಾಲು. ಸಡಿಲವಾದರೆ ಎಲ್ಲವೂ ಹಕ್ಕಿಗೆ. ಬಿಗಿಯಾದರೆ ಹಕ್ಕಿಯ ಪ್ರಾಣಕ್ಕೆ. ದಾರವನ್ನು ದಿನವೂ ಹೊಸದಾಗಿ ಕಟ್ಟುತ್ತಿದ್ದರು ಎಂಬುದಷ್ಟೇ ಸುಮಿಯೆಗೆ ನೆನಪು. ಅವಳು ಅಜ್ಜನ ಬೆನ್ನ ಹಿಂದೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು, ಬೆರಳು ಕಾಣುತ್ತಿರಲಿಲ್ಲ. ಕಣಜದಲ್ಲಿ ಈ ನದಿಯ ಚಿತ್ರ ನಲವತ್ತು ಸಾವಿರ ಇವೆ. ಅಷ್ಟೂ ಜನ ಬೆಂಕಿಯನ್ನೇ ತೆಗೆದಿದ್ದಾರೆ. ದಾರ ಕಟ್ಟುವ ಬೆರಳನ್ನು ಒಬ್ಬ ಪುಣ್ಯಾತ್ಮನೂ ತೆಗೆದಿಲ್ಲ.

ಆದರೂ ಹಠ ಹಿಡಿದೆ. ಸಮುದ್ರದ ಬಂಡೆಯಿಂದ ಆರು ನೀರುಕಾಗೆಗಳನ್ನು ತರಿಸಿ ಎರಡು ವರ್ಷ ಸಾಕಿದೆ. ಎರಡೆರಡನ್ನು ಒಂದೊಂದು ಬಿದಿರು ಬುಟ್ಟಿಯಲ್ಲಿ ಇಡಬೇಕು, ಹಾಗೆ ಕೂಡಿ ಬೆಳೆದ ಜೋಡಿ ಸಾಯುವವರೆಗೂ ಜೋಡಿ ಎಂದು ಸುಮಿಯೆ ಹೇಳಿಕೊಟ್ಟಳು. ನಮ್ಮ ಕಾಲದಲ್ಲಿ ಪ್ರಾಣಿಯಿಂದ ಕೆಲಸ ತೆಗೆಯಬೇಕಾದರೆ ಜೀವಸಾಕ್ಷಿಯ ಒಪ್ಪಿಗೆ ಬೇಕು. ಮಾತು ಬಾರದ ಜೀವದ ಪರವಾಗಿ ಮಾತಾಡಲು ನೇಮಕವಾದವರು ಅವರು. ನಮಗೆ ಬಂದ ಜೀವಸಾಕ್ಷಿಯ ಹೆಸರು ಫುಯುನೊ, ನಗುವುದೇ ಅಪರೂಪದ ಹೆಂಗಸು. ಅವಳು ಮೂರು ಸಂಜೆ ಕೊಟ್ಟಳು, ಆ ಹೊತ್ತಿಗೆ ಮಾತ್ರ ಬೇಟೆಯ ಬೆಂಕಿಗೆ ಮಬ್ಬುಗಡಿಯಿಂದ ವಿನಾಯಿತಿ. ನೋಟದ ದೋಣಿಯಲ್ಲಿ ಜನರ ನಡುವೆ ಕೂತು ನೋಡುತ್ತಾಳೆ. ಆರೂ ಹಕ್ಕಿ ನೀರಿಗಿಳಿಯಬೇಕು, ಇಲ್ಲದಿದ್ದರೆ ಆ ಸಂಜೆ ಲೆಕ್ಕಕ್ಕಿಲ್ಲ. ಮೂರರಲ್ಲಿ ಒಂದಾದರೂ ಸರಿಬಂದರೆ ಒಪ್ಪಿಗೆ. ಹಕ್ಕಿಗೆ ಎರಡು ಸಲ ಪೆಟ್ಟಾದರೆ ಆರನ್ನೂ ಸಮುದ್ರಕ್ಕೆ ಬಿಟ್ಟು ಈ ಕಸುಬಿನ ಹೆಸರನ್ನು ಕಾಯಂ ಆಗಿ ಹೊಡೆದುಹಾಕುತ್ತಾರೆ.

ಮೊದಲ ಸಂಜೆ ಹೆದರಿ ಸಡಿಲ ಕಟ್ಟಿದೆ. ಹಕ್ಕಿಗಳು ಹೊಟ್ಟೆ ಬಿರಿಯುವಷ್ಟು ತಿಂದು ದೋಣಿಯ ಅಂಚಿನಲ್ಲಿ ಸಾಲಾಗಿ ಕೂತು ನಿದ್ದೆ ಹೋದವು. ಜನ ನಕ್ಕರು, ನಾನೂ ನಕ್ಕೆ. ಎರಡನೇ ಸಂಜೆಗೆ ನಾವು ಬಿಚ್ಚುಗಾರರ ಬುದ್ಧಿ ತೋರಿಸಿದೆವು. ಅಣೆಕಟ್ಟಿನ ಕಲ್ಲನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದು ಇಳಿಸಿದ ಜನ ನಾವು. ಹಕ್ಕಿಯ ಕೊರಳು ಯಾವ ಲೆಕ್ಕ ಎಂದುಕೊಂಡೆವು. ನಲವತ್ತು ಸಾವಿರ ಚಿತ್ರಗಳಿಂದ ಕೊರಳಿನ ಅಳತೆ ತೆಗೆದು, ಸರಾಸರಿ ಮಾಡಿ, ಆರಕ್ಕೂ ಒಂದೇ ಅಳತೆಯ ಆರು ಉಂಗುರ ಎರಕ ಹೊಯ್ಯಿಸಿದೆವು. ಅಂದು ದೊರೆ ಎಂಬ ಗಂಡುಹಕ್ಕಿ ಮೂರನೇ ಮುಳುಗಿನಲ್ಲಿ ಮೀನು ಹಿಡಿದು ಎದ್ದಿತು, ಕೊಕ್ಕು ತೆರೆಯಿತು, ಉಸಿರು ಬರಲಿಲ್ಲ. ನಾನು ಹಗ್ಗ ಎಳೆದುಕೊಂಡು ಉಂಗುರದ ಕೊಕ್ಕೆ ಬಿಚ್ಚುವಷ್ಟರಲ್ಲಿ ನನ್ನ ಮಡಿಲಲ್ಲೇ ಸತ್ತುಹೋಯಿತು. ಹಂಪಮ್ಮನವರೇ, ಇದನ್ನು ಸುತ್ತಿ ಬಳಸಿ ಹೇಳಲಾರೆ. ಆ ಹಕ್ಕಿಯನ್ನು ನಾನು ಕೊಂದೆ. ದೊರೆಯ ಜೋಡಿ ಸಾಕಿ ಎಂಬ ಹೆಣ್ಣು ಆ ದಿನದಿಂದ ಬುಟ್ಟಿಯ ಒಂದೇ ಮೂಲೆಗೆ ಮುಖ ಮಾಡಿ ಕೂತಿತು.

ಉಂಗುರಗಳನ್ನು ನಾನೇ ಸುತ್ತಿಗೆಯಿಂದ ಜಜ್ಜಿದೆ. ದೊರೆಯ ಬದಲಿಗೆ ಇನ್ನೊಂದು ಹಕ್ಕಿಯನ್ನು ತಂದೆವು. ಮರುದಿನದಿಂದ ಬೆಳಗಿನ ಹೊತ್ತು ಹತ್ತಿಯ ದಾರವನ್ನು ನನ್ನ ಕೊರಳಿಗೇ ಕಟ್ಟಿಕೊಂಡು, ಅನ್ನದ ಮುದ್ದೆ ನುಂಗಿ ನೋಡತೊಡಗಿದೆ. ಎಷ್ಟು ಬಿಗಿದರೆ ಇಳಿಯುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ ಎಂದು ಕೊರಳಿಗೇ ಗೊತ್ತಾಗಲಿ ಎಂಬ ಆಸೆ. ಯಂಕೋಬ ತಲೆ ಚಚ್ಚಿಕೊಂಡ. "ಏ ಹುಲಿಗಿ, ಕೊಳ್ಳಿಗೆ ಹಗ್ಗ ಹಾಕ್ಕೊಂಡು ಕುಂತೀಯಲ್ಲ, ನೋಡಿದೋರು ಏನಂದಾರು? ಗಂಡ ಏನು ಮಾಡಿದ ಅಂತ ನನ್ನ ಕೇಳಾಕ ಬರ್ತಾರ!" ಎಂದ. ಅವನಿಗೆ ಬಾಯಿ ಮುಚ್ಚಿಕೊಂಡು ಮುದ್ದೆ ಕಟ್ಟಿಕೊಡಲು ಹೇಳಿದೆ, ಕಟ್ಟಿಕೊಟ್ಟ. ಹನ್ನೊಂದು ದಿನ ಹೀಗೆ ಮಾಡಿದರೂ ನನಗೆ ತಿಳಿದದ್ದು ಒಂದೇ. ಮುಟ್ಟಿದ ಕೂಡಲೇ ಕೊರಳು ಹೆದರಿ ಸೆಟೆಯುತ್ತದೆ. ಸೆಟೆದ ಕೊರಳಿಗೆ ಕಟ್ಟಿದ ದಾರ ಯಾವತ್ತೂ ಸುಳ್ಳು ಹೇಳುತ್ತದೆ.

ಆಗ ನಿಮ್ಮ ಪೆಟ್ಟಿಗೆ ತೆಗೆದೆ. ದೊಡ್ಡ ಕಣಜದ ಚಿತ್ರಗಳನ್ನು ಹುಡುಕಿದ ನಾವು, ಮನೆಯ ಚಿತ್ರಗಳು ಗೊತ್ತಿರುವವೇ ಎಂದು ಅತ್ತ ತಿರುಗಿಯೂ ನೋಡಿರಲಿಲ್ಲ. ನಲವತ್ತಮೂರು ಚಿತ್ರ. ಬೆಂಕಿಯವು ಇಪ್ಪತ್ತಾರು, ಬೆಂಕಿಯ ಮುಂದೆ ನೀವು ನಿಂತದ್ದು ಹನ್ನೊಂದು, ಅಂಬಿಗನ ಟೋಪಿ ಎರಡು, ನಿಮ್ಮದೇ ಹೆಬ್ಬೆರಳು ಒಂದು. ಉಳಿದ ಮೂರು ಊಟದ ಡಬ್ಬಿಯವು. ಬೇಟೆ ಶುರುವಾಗುವ ಮೊದಲು ನೋಟದ ದೋಣಿಯನ್ನು ದಂಡೆಗೆ ಕಟ್ಟಿ ಊಟ ಕೊಟ್ಟಿದ್ದಾರೆ. ನೀವು ಮೀನು, ಉಪ್ಪಿನಕಾಯಿ, ಅನ್ನದ ಚಿತ್ರ ತೆಗೆದಿದ್ದೀರಿ. ಮೊದಲನೆಯದರಲ್ಲಿ ಮುಚ್ಚಳ ಅಡ್ಡ ಬಂದಿದೆ, ಎರಡನೆಯದರಲ್ಲಿ ಪಕ್ಕದವರ ಮೊಣಕೈ. ಬಿಡದೆ ಮೂರನೆಯದನ್ನು ಸರಿಯಾಗಿ ತೆಗೆದಿದ್ದೀರಿ. ಒಂದರಿಂದ ಇನ್ನೊಂದಕ್ಕೆ ಇಪ್ಪತ್ತೇಳು ಸೆಕೆಂಡು ಅಂತರ. ಈ ಮೂರರಲ್ಲೂ ಡಬ್ಬಿಯ ಹಿಂದೆ, ದಂಡೆಯ ಮೇಲೆ, ಮಸುಕಾಗಿ ಒಬ್ಬ ಮನುಷ್ಯ. ಹುಲ್ಲಿನ ಲಂಗ. ಎಡಗೈಯಲ್ಲಿ ಹಕ್ಕಿ, ಬಲಗೈ ಅದರ ಕೊರಳಲ್ಲಿ, ಮುಖ ನದಿಯ ಕಡೆ.

ಮೂರರಲ್ಲೂ ಅವನು ಅಲುಗಿಲ್ಲ. ಒಂದು ನಿಮಿಷಕ್ಕೆ ಆರು ಸೆಕೆಂಡು ಕಡಿಮೆ. ಸಾವಿರಾರು ಗಂಟು ಕಟ್ಟಿದ ಕೈಗೆ ಒಂದು ಗಂಟಿಗೆ ಅಷ್ಟು ಹೊತ್ತು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಸುಮಿಯೆಗೆ ತೋರಿಸಿದೆ. ಅವಳು ಚಿತ್ರಗಳನ್ನು ಮೂಗಿನ ಹತ್ತಿರ ಹಿಡಿದು ಒಂದಾದ ಮೇಲೊಂದು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. "ನಮ್ಮಜ್ಜನೂ ಹಿಂಗ ನಿಂದರ್ತಿದ್ದ. ಇವ ಕಟ್ಟಾಕ ಹತ್ತಿಲ್ಲವ್ವ. ಕಾಯಾಕ ಹತ್ತ್ಯಾನ" ಎಂದಳು.

ಅಷ್ಟು ಸಾಕಾಯಿತು. ಓಡಿಹೋಗಿ ಒಂದು ಹಕ್ಕಿಯ ಕೊರಳಿಗೆ ದಾರ ಸುತ್ತಿ, ಗಂಟು ಹಾಕದೆ, ಒಳಗೆ ಬೆರಳಿಟ್ಟು ನಿಂತೆ. ಕೊರಳು ಕೋಲಿನಂತೆ ಸೆಟೆದಿತ್ತು. ನಾನೂ ನದಿಯ ಕಡೆ ನೋಡಿದೆ, ಯಾಕೆಂದರೆ ಕಣ್ಣಿಟ್ಟು ನೋಡಿದರೆ ಹಕ್ಕಿ ಇನ್ನಷ್ಟು ಹೆದರುತ್ತದೆ. ಸ್ವಲ್ಪ ಹೊತ್ತಿಗೆ ಹಕ್ಕಿ ಒಂದು ಸಲ ಗುಟುಕು ನುಂಗಿತು. ಬೆರಳ ಕೆಳಗೆ ಕೊರಳು ಏರಿ ಇಳಿದು ತನ್ನ ನಿಜವಾದ ಗಾತ್ರಕ್ಕೆ ಬಂದು ನಿಂತಿತು. ಆಗ ಗಂಟು ಹಾಕಿದೆ. ಸಣ್ಣ ಮೀನು ಕೊಟ್ಟೆ, ಇಳಿಯಿತು. ದೊಡ್ಡದು ಕೊಟ್ಟೆ, ನಿಂತಿತು, ಉಸಿರಿಗೆ ಏನೂ ಆಗಲಿಲ್ಲ. ಇನ್ನೊಂದು ಹಕ್ಕಿಗೆ ಅದೇ ದಾರ ಬೇರೆ ಅಳತೆಗೆ ಬಂತು. ನಾನು ನೆಲದ ಮೇಲೆ ಕೂತು ಅತ್ತೆ.

ಆದ್ದರಿಂದ ಹಂಪಮ್ಮನವರೇ, ನಿಮ್ಮಲ್ಲಿ ಒಂದು ಕೋರಿಕೆ. ನೀವು ಊರಿಗೆ ವಾಪಸಾದ ಮೇಲೆ, ಫೋನಿನಲ್ಲಿ ಜಾಗ ಸಾಲದೆಂದು, ಒಂದೇ ಥರದ ಚಿತ್ರ ಮೂರು ಯಾಕೆ ಎಂದು ಯಾರಾದರೂ ಅಳಿಸಲು ಹೇಳುತ್ತಾರೆ. ನಿಮ್ಮ ಮಗಳೇ ಹೇಳಬಹುದು. ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಬೆಂಕಿಯ ಇಪ್ಪತ್ತಾರನ್ನೂ ಬೇಕಾದರೆ ಅಳಿಸಿ. ನೀವು ಮುಗುಳ್ನಗುತ್ತ ನಿಂತ ಹನ್ನೊಂದರಲ್ಲಿ ಎಂಟರಲ್ಲಿ ಕಣ್ಣು ಮುಚ್ಚಿದ್ದೀರಿ, ಅವು ಹೋದರೂ ನಷ್ಟವಿಲ್ಲ. ಮೂರನೇ ಸಂಜೆ ನಾಡಿದ್ದು. ಆಮೇಲೆ ಉಳಿದದ್ದನ್ನು ಬರೆಯುತ್ತೇನೆ.

ಎರಡನೇ ಜ್ಯೇಷ್ಠ, ಮೂವತ್ತೇಳನೇ ದಿನ

ಮೂರನೇ ಸಂಜೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯಂಕೋಬ ನೋಟದ ದೋಣಿಗೆ ಗಳ ಹಾಕಿದ. ಮೂವತ್ತು ಜನ ಕೂತಿದ್ದರು, ಮುಂದಿನ ಸಾಲಿನಲ್ಲಿ ಫುಯುನೊ. ಊಟ ಮುಗಿದು, ಹೊತ್ತು ಕಂತುತ್ತಿತ್ತು. ನಾನು ದಂಡೆಯಲ್ಲಿ ಒಂದೊಂದೇ ಹಕ್ಕಿಯನ್ನು ತೆಗೆದುಕೊಂಡು ಬೆರಳಿಟ್ಟು ಕಾದೆ. ಒಂದು ಹತ್ತು ಉಸಿರಿಗೆ ನುಂಗಿತು, ಒಂದಕ್ಕೆ ಮೂರು ನಿಮಿಷ ಬೇಕಾಯಿತು. ದೋಣಿಯಲ್ಲಿ ಗುಸುಗುಸು ಎದ್ದಿತು. ಯಾರೋ "ಅಲ್ಲೇನು ಪೂಜಿ ನಡ್ಸೀರೇನ್ರಿ?" ಎಂದು ಕೂಗಿದರು, ಎಲ್ಲರೂ ನಕ್ಕರು. ಐದು ಹಕ್ಕಿಗೆ ದಾರ ಕಟ್ಟಿ ಆಯಿತು. ಆರನೆಯದು ಸಾಕಿ.

ಸಾಕಿಯ ಕೊರಳಿಗೆ ದಾರ ಸುತ್ತಿ ಬೆರಳಿಟ್ಟೆ. ಕಾದೆ. ಅದು ನುಂಗಲಿಲ್ಲ. ಬೆಂಕಿಯ ಬುಟ್ಟಿಯ ದೇವದಾರು ಉರಿದು ಬೂದಿಯಾಗಿ ಸುಮಿಯೆ ಹೊಸ ಕಟ್ಟಿಗೆ ಹಾಕಿದಳು, ಆಗಲೂ ನುಂಗಲಿಲ್ಲ. ಅಂದಾಜಿನ ಮೇಲೆ ಕಟ್ಟಬಹುದಿತ್ತು. ಐದು ಕೊರಳಿನ ಅಳತೆ ಆಗಲೇ ನನ್ನ ಬೆರಳಲ್ಲಿತ್ತು. ಕಟ್ಟದಿದ್ದರೆ ಸಂಜೆ ಲೆಕ್ಕಕ್ಕಿಲ್ಲ, ಎರಡು ವರ್ಷದ ದುಡಿಮೆ ನೀರುಪಾಲು. ಯಂಕೋಬ ಗಳ ಊರಿ ನನ್ನನ್ನೇ ನೋಡುತ್ತಿದ್ದ. ದಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಾಕಿಯನ್ನು ಸುಮಿಯೆಯ ಮಡಿಲಲ್ಲಿ ಇಟ್ಟು ಐದು ಹಗ್ಗ ಹಿಡಿದು ಬೇಟೆಯ ದೋಣಿ ಹತ್ತಿದೆ.

ಹತ್ತೊಂಬತ್ತು ವರ್ಷ ನೋಟದ ದೋಣಿಯಿಂದ ಬೆಂಕಿಯನ್ನು ನೋಡಿದವಳು, ಮೊದಲ ಸಲ ಬೆಂಕಿಯ ಕಡೆಯಿಂದ ನೋಟದ ದೋಣಿಯನ್ನು ಸರಿಯಾಗಿ ನೋಡಿದೆ. ಮೂವತ್ತು ಮುಖ ಕೆಂಪಗೆ ಹೊಳೆಯುತ್ತಿದ್ದವು. ಹಕ್ಕಿಗಳು ಮುಳುಗಿದಾಗ ಅವರೂ ಉಸಿರು ಹಿಡಿಯುತ್ತಿದ್ದರು, ಎದ್ದಾಗ ಬಿಡುತ್ತಿದ್ದರು. ಐದು ಹಗ್ಗ ಹೆಣೆದುಕೊಳ್ಳದಂತೆ ಒಂದರ ಕೆಳಗೊಂದು ತೂರಿಸುವುದರಲ್ಲಿ ನನ್ನ ಬೆರಳಲ್ಲಿ ಬೊಬ್ಬೆ ಎದ್ದವು. ಒಂದು ಹಗ್ಗ ಬಂಡೆಯ ಸಂದಿಗೆ ಸಿಕ್ಕಿತು. ಮರದ ನಾರಿನ ಆ ಹಗ್ಗ ಎಳೆದರೆ ಹರಿಯುವುದಿಲ್ಲ, ಹುರಿಯ ವಿರುದ್ಧ ತಿರುಚಿದರೆ ಪಟ್ಟನೆ ತುಂಡಾಗುತ್ತದೆ. ತಿರುಚಿ ಹಕ್ಕಿಯನ್ನು ಬಿಡಿಸಿದೆ. ಮೀನು ಬುಟ್ಟಿಗೆ ಬಿದ್ದವು, ಸಣ್ಣವು ಹಕ್ಕಿಯ ಹೊಟ್ಟೆಗೆ ಹೋದವು, ಒಂದು ಹಕ್ಕಿಗೂ ಉಸಿರು ಕಟ್ಟಲಿಲ್ಲ. ಆ ಒಂದು ತಾಸು ನಾನು ಸುಖವಾಗಿದ್ದೆ.

ದಂಡೆಗೆ ಬಂದಾಗ ಫುಯುನೊ ಒಂದೇ ಪ್ರಶ್ನೆ ಕೇಳಿದಳು, ಆರನೆಯದನ್ನು ಯಾಕೆ ಕಟ್ಟಲಿಲ್ಲ ಎಂದು. ಅದು ನುಂಗಲಿಲ್ಲ ಎಂದೆ. ಅವಳು ಬಹಳ ಹೊತ್ತು ಸಾಕಿಯನ್ನು ನೋಡಿದಳು. ಆಮೇಲೆ ನಿಯಮ ನಿಯಮವೇ, ಐದು ಹಕ್ಕಿಯ ಸಂಜೆ ಲೆಕ್ಕಕ್ಕಿಲ್ಲ, ಈ ವರ್ಷ ಒಪ್ಪಿಗೆ ಇಲ್ಲ ಎಂದು ಬರೆದಳು. ಅದರ ಕೆಳಗೆ ಇನ್ನೊಂದು ಸಾಲು ಬರೆದಳು: ಹಕ್ಕಿಗಳು ಇವಳ ಬಳಿಯೇ ಇರಲಿ, ಮುಂದಿನ ವರ್ಷ ಮತ್ತೆ ಮೂರು ಸಂಜೆ.

ಯಂಕೋಬ ದಾರಿಯುದ್ದಕ್ಕೂ ಗೊಣಗಿದ. "ಒಂದ್ ದಾರ ಕಟ್ಟಿದ್ರ ಮುಗೀತಿತ್ತಲ್ಲ, ಇನ್ನೊಂದ್ ವರ್ಷ ಯಾರು ಕಾಯೋರು?" ಎಂದ. ಸುಮಿಯೆಯೇ ಉತ್ತರ ಕೊಟ್ಟಳು: "ನಾ ಇರ್ತೀನಿ ತಗೋ. ಸಾಯಾಕ ಏನು ಅವಸರ ಐತಿ?" ತೊಂಬತ್ತೊಂದು ವರ್ಷದವಳು ಇರುತ್ತೇನೆ ಎಂದ ಮೇಲೆ ನಲವತ್ತೆಂಟರ ನಾನು ಸುಮ್ಮನಿರಲು ಆಗುತ್ತದೆಯೇ? ಈ ಬೆಳಿಗ್ಗೆಯೇ ಹೊಸ ದಾರ ಹೊಸೆಯಲು ಕೂತಿದ್ದೇನೆ. ಮುಂದಿನ ಜ್ಯೇಷ್ಠಕ್ಕೆ ಮತ್ತೆ ದೋಣಿ ಇಳಿಸುತ್ತೇನೆ, ಆಗಲೂ ಆಗದಿದ್ದರೆ ಅದರ ಮುಂದಿನ ಜ್ಯೇಷ್ಠಕ್ಕೆ.

ಹಂಪಮ್ಮನವರೇ, ನಿಮಗೆ ಇಲ್ಲಿಂದಲೇ ಕೈಮುಗಿಯುತ್ತೇನೆ. ಚೆನ್ನಾಗಿ ಊಟ ಮಾಡಿ, ನಿಧಾನವಾಗಿ ಮಾಡಿ. ಈ ಪೆಟ್ಟಿಗೆಯನ್ನು ಮುಂದೆಂದಾದರೂ ತೆರೆಯುವ ನಮ್ಮ ಮಕ್ಕಳಿಗೂ ಎರಡು ಮಾತು ಬರೆದಿಡುತ್ತೇನೆ. ದಾರ ಎಷ್ಟು ಬಿಗಿ ಇರಬೇಕು ಎಂಬ ಅಳತೆಯನ್ನು ಇದರಲ್ಲಿ ಹುಡುಕಬೇಡಿ, ಬೇಕೆಂದೇ ಬರೆದಿಲ್ಲ. ಬೆರಳಿಡಿ, ನದಿಯ ಕಡೆ ನೋಡಿ, ಕಾಯಿರಿ. ದೋಣಿಯಲ್ಲಿ ಯಾರೇ ಕೂತಿರಲಿ, ಎಷ್ಟೇ ಕೂಗಲಿ, ಹಕ್ಕಿ ನುಂಗದಿದ್ದರೆ ಕಟ್ಟಬೇಡಿ.

ಹುಲಿಗೆಮ್ಮ